ಹಿಡಿತವೂ ಸವೆತವೂ

8 ಮಿಲಿಮೀಟರು ಆಳದ ತೋಡುಗಳೊಡನೆ ಕಾರ್ಖಾನೆಯಿಂದ ಹೊರಬಿದ್ದ ಟೈರೊಂದು 40,000 ಕಿಲೋಮೀಟರು ಉರುಳಿ, ಅನೇಕ ದೇಶಗಳ ಕಾನೂನು ಕನಿಷ್ಠವೆಂದು ವಿಧಿಸಿರುವ 1.6 ಮಿಲಿಮೀಟರಿಗೆ ಇಳಿಯಿತೆಂದು ಭಾವಿಸೋಣ. ಅದರ ಸುತ್ತಳತೆ 1.9 ಮೀಟರಿನಷ್ಟಿದ್ದರೆ, ಇಷ್ಟು ದೂರವನ್ನು ಕ್ರಮಿಸುವಷ್ಟರಲ್ಲಿ ಅದು ಸುಮಾರು 2 ಕೋಟಿ 10 ಲಕ್ಷ ಸುತ್ತುಗಳನ್ನು ಮುಗಿಸಿರುತ್ತದೆ, ಕಳೆದುಕೊಂಡ 6.4 ಮಿಲಿಮೀಟರನ್ನು ಆ ಸುತ್ತುಗಳಿಗೆಲ್ಲ ಸಮನಾಗಿ ಹಂಚಿದರೆ ಒಂದೊಂದು ಸುತ್ತಿನ ಪಾಲಿಗೆ ಬರುವುದು ಮಿಲಿಮೀಟರಿನ ಮೂವತ್ತು ಲಕ್ಷದಲ್ಲೊಂದು ಭಾಗ, ಅಂದರೆ 0.3 ನ್ಯಾನೊಮೀಟರು. ರಬ್ಬರಿನ ಒಂದು ಅಣುಸರಪಣಿಯ ದಪ್ಪವೂ ಇದಕ್ಕಿಂತ ಹೆಚ್ಚೇ ಇರುವುದರಿಂದ, ಟೈರು ಪ್ರತಿಯೊಂದು ಸುತ್ತಿನಲ್ಲಿಯೂ ತನ್ನ ಮೈಯಿಂದ ಒಂದೇ ಸಮನಾದ ಪದರವನ್ನು ಕಳಚಿಕೊಳ್ಳುತ್ತದೆಂಬ ಕಲ್ಪನೆ ನಿಲ್ಲಲಾರದು. ನಿಜವಾಗಿ ನಡೆಯುವುದೇನೆಂದರೆ, ಬಹುಪಾಲು ಸುತ್ತುಗಳಲ್ಲಿ ಬಹುಪಾಲು ಮೈ ಏನನ್ನೂ ಕಳೆದುಕೊಳ್ಳದೆ ಹಾಗೆಯೇ ಉಳಿದು, ಅಲ್ಲೊಂದು ಇಲ್ಲೊಂದು ಸ್ಥಳದಲ್ಲಿ ಮಾತ್ರ, ಬಹುಕಾಲ ಎಳೆತಕ್ಕೆ ಸಿಕ್ಕಿ ದಣಿದ ರಬ್ಬರು ಬಿರುಕುಬಿಟ್ಟು, ಕಣ್ಣಿಗೆ ಕಂಡೂ ಕಾಣದ ಕಣವಾಗಿ ಹರಿದು ಬೀಳುತ್ತದೆ.

ಈ ಹರಿಯುವಿಕೆಗೆ ಕಾರಣವಾದ ಎಳೆತವೇ ವಾಹನವನ್ನು ರಸ್ತೆಗೆ ಬಂಧಿಸಿರುವ ಎಳೆತವೂ ಹೌದು. ಚಾಲಕನು ಬ್ರೇಕು ತುಳಿದಾಗ, ವೇಗವನ್ನು ಹೆಚ್ಚಿಸಿದಾಗ, ತಿರುವಿನಲ್ಲಿ ಸ್ಟಿಯರಿಂಗನ್ನು ಹೊರಳಿಸಿದಾಗ ನೆಲವು ವಾಹನಕ್ಕೆ ಕೊಡುವ ಪ್ರತಿಬಲವೆಲ್ಲವೂ ರಬ್ಬರಿನ ಆ ಮೇಲ್ಮೈಯ ಮೂಲಕವೇ ಹಾಯ್ದು ಬರಬೇಕು. ಬಲ ಹೆಚ್ಚಿದಷ್ಟೂ ಆ ಮೇಲ್ಮೈ ಹೆಚ್ಚು ವಿರೂಪಗೊಳ್ಳಬೇಕು. ಹಿಡಿತ ಮತ್ತು ಸವೆತಗಳೆರಡೂ ಒಂದೇ ಮೂಲದಿಂದ ಹೊರಡುವುವೆಂಬುದನ್ನು ಮನಗಾಣದೆ ಟೈರು ಕೊಳ್ಳಹೊರಟವನಿಗೆ ಎಲ್ಲ ಗುಣಗಳೂ ಒಂದರಲ್ಲೇ ಕೂಡಿರುವಂತೆ ತೋರುವ ಮಾರಾಟದ ಮಾತುಗಳು ಸತ್ಯವೆಂದೇ ಭಾಸವಾಗುವುವು. ಸಾಧಾರಣ ಕಾರಿನಲ್ಲಿ ಈ ಅಜ್ಞಾನ ಅಷ್ಟಾಗಿ ಬಾಧಿಸದು. ಆದರೆ ವೇಗಕ್ಕಾಗಿ, ಅದಕ್ಕಿಂತಲೂ ಮಿಗಿಲಾಗಿ ತಿರುವುಗಳ ಸಂತೋಷಕ್ಕಾಗಿ ನಿರ್ಮಿತವಾದ ಕಾರಿನಲ್ಲಿ ಟೈರಿನ ಆಯ್ಕೆಯೇ ವಾಹನದ ಸ್ವಭಾವವನ್ನು ನಿರ್ಣಯಿಸಿಬಿಡುತ್ತದೆ. 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಾಜ್ಡಾ ಎಂಎಕ್ಸ್-5 ಎಂಬ ಎರಡು ಆಸನಗಳ ತೆರೆದ ಕಾರನ್ನೇ ಈ ಅಧ್ಯಾಯದುದ್ದಕ್ಕೂ ನಿದರ್ಶನವಾಗಿ ಇಟ್ಟುಕೊಳ್ಳುತ್ತೇನೆ. ಭಾರ ಕಡಮೆ, ಇಂಜಿನು ಮುಂದೆ, ಚಾಲನಶಕ್ತಿ ಹಿಂದಿನ ಚಕ್ರಗಳಿಗೆ. ಸಾಮಾನ್ಯ ಶಕ್ತಿಯ ಕಾರಾದರೂ ಟೈರಿನ ಗುಣದೋಷಗಳನ್ನು ಇಷ್ಟು ಸ್ಪಷ್ಟವಾಗಿ ಚಾಲಕನ ಕೈಗೆ ಮುಟ್ಟಿಸುವ ವಾಹನಗಳು ವಿರಳ.

ಇಬ್ಬರು ಕುಳಿತಾಗ ಇಂಥ ಕಾರಿನ ತೂಕ ಸುಮಾರು 1,200 ಕಿಲೋಗ್ರಾಮು, ಒಂದೊಂದು ಚಕ್ರದ ಮೇಲೆ 300. ಟೈರಿನೊಳಗಿನ ಗಾಳಿಯ ಒತ್ತಡ 200 ಕಿಲೋಪಾಸ್ಕಲ್, ಅಂದರೆ ಗಾಳಿ ತುಂಬುವವರ ಲೆಕ್ಕದಲ್ಲಿ 29 ಪೌಂಡು, ಎಂದಿಟ್ಟುಕೊಂಡರೆ, ಆ ಭಾರವನ್ನು ಹೊರಲು ಬೇಕಾದ ಸಂಪರ್ಕಕ್ಷೇತ್ರ 150 ಚದರ ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ: ಬಿಡಿಸಿದ ಒಂದು ಹಸ್ತದಷ್ಟು. ಇಂಥ ನಾಲ್ಕು ಹಸ್ತಗಳ ಮೇಲೆ ಕಾರಿನ ಸಮಸ್ತ ವ್ಯವಹಾರವೂ ನಡೆಯಬೇಕು.

ಈ ಹಸ್ತವು ನೆಲವನ್ನು ಹಿಡಿಯುವ ಬಗೆಯನ್ನು ತಿಳಿಯಬೇಕಾದರೆ ರಬ್ಬರಿನ ಅಂತರಂಗವನ್ನು ತುಸು ನೋಡಬೇಕು. ಮರದಿಂದ ಇಳಿದ ಹಾಲನ್ನು ಹೆಪ್ಪುಗಟ್ಟಿಸಿ ಪಡೆದ ರಬ್ಬರು ಬೇಸಗೆಯಲ್ಲಿ ಅಂಟಂಟಾಗಿ ಚಳಿಗೆ ಸೆಡೆತುಕೊಳ್ಳುವ, ಯಾವ ಯಂತ್ರಕ್ಕೂ ಒದಗದ ವಸ್ತು. ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕನ್ ಸಂಶೋಧಕನು 1839ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿದಾಗ, ಉದ್ದುದ್ದನೆಯ ಅಣುಸರಪಣಿಗಳ ನಡುವೆ ಗಂಧಕದ ಕೊಂಡಿಗಳು ಬಿದ್ದು, ಎಳೆದರೆ ಹಿಗ್ಗುವ, ಬಿಟ್ಟರೆ ಮೊದಲಿನಾಕಾರಕ್ಕೆ ಮರಳುವ ದೃಢಪದಾರ್ಥ ಹುಟ್ಟಿತು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಟೈರುಗಳು ಬೆಳ್ಳಗೆ ಅಥವಾ ನಸುಬೂದುಬಣ್ಣವಾಗಿಯೇ ಇದ್ದುವು; ಇಂಗಾಲದ ಅತಿಸೂಕ್ಷ್ಮ ಮಸಿಯನ್ನು ಬೆರೆಸಿದರೆ ಸವೆತವನ್ನು ತಡೆಯುವ ಸಾಮರ್ಥ್ಯ ಬಹುಪಟ್ಟು ವೃದ್ಧಿಯಾಗುವುದೆಂದು ತಿಳಿದ ಮೇಲೆಯೇ ಅವು ಇಂದಿನ ಕಪ್ಪುಬಣ್ಣಕ್ಕೆ ತಿರುಗಿದುದು. ನಮ್ಮ ಸುಳ್ಯ ಪುತ್ತೂರುಗಳ ತೋಟಗಳಲ್ಲಿ ಇಳಿಸುವ ಸಹಜ ರಬ್ಬರು ಇಂದಿಗೂ ಲಾರಿಗಳ ಮತ್ತು ವಿಮಾನಗಳ ಟೈರುಗಳಿಗೆ ಅತ್ಯಾವಶ್ಯಕವಾದ ಜಾತಿಯದು. ಕಾರಿನ ಟೈರಿನಲ್ಲಾದರೋ ನೆಲಕ್ಕೆ ತಾಗುವ ಪದರ ಬಹುಮಟ್ಟಿಗೆ ಕೃತಕ ರಬ್ಬರುಗಳ ಮಿಶ್ರಣ.

ಉಕ್ಕಿನ ಸುರುಳಿಯನ್ನು ಒತ್ತಿ ಬಿಟ್ಟರೆ, ಒತ್ತುವಾಗ ವ್ಯಯಿಸಿದ ಶಕ್ತಿ ಹೆಚ್ಚುಕಡಮೆ ಪೂರ್ತಿಯಾಗಿ ಹಿಂದಿರುಗುತ್ತದೆ. ರಬ್ಬರು ಹಾಗಲ್ಲ, ಕೊಟ್ಟುದರಲ್ಲಿ ಒಂದಂಶವನ್ನು, ಸರಪಣಿಗಳ ಪರಸ್ಪರ ಉಜ್ಜಾಟದಲ್ಲಿ ಶಾಖವಾಗಿಸಿ, ತನ್ನೊಳಗೇ ಕಳೆದುಬಿಡುತ್ತದೆ. ಈ ನಷ್ಟವೇ ಹಿಡಿತದ ಒಂದು ಮುಖ್ಯ ಕಾರಣ. ರಸ್ತೆಯ ಜಲ್ಲಿಯ ಮೊನೆಯೊಂದು ರಬ್ಬರಿನೊಳಕ್ಕೆ ಚುಚ್ಚಿ ಮುಂದೆ ಸರಿಯುವಾಗ, ಮೊನೆಯ ಮುಂಭಾಗದಲ್ಲಿ ಒತ್ತಲ್ಪಟ್ಟ ರಬ್ಬರು ಬಲವಾಗಿ ಎದುರೊತ್ತುವುದು. ಹಿಂಭಾಗದ ರಬ್ಬರು ತಡವಾಗಿ ಮರಳುವುದರಿಂದ ಅಷ್ಟೇ ಬಲದಿಂದ ಮೊನೆಯನ್ನು ಮುಂದಕ್ಕೆ ನೂಕದು. ಈ ಎರಡರ ಅಂತರವೇ ಘರ್ಷಣೆಯಾಗಿ ಕಾರನ್ನು ತಡೆದು ನಿಲ್ಲಿಸುತ್ತದೆ. ರಬ್ಬರಿನ ಅಣುಗಳು ಒಣನೆಲದ ಅಣುಗಳೊಡನೆ ಕ್ಷಣಮಾತ್ರ ಬೆಸೆದು ಬಿಡಿಸಿಕೊಳ್ಳುವುದು ಎರಡನೆಯ ಕಾರಣ. ಮಳೆಯ ನೀರು ನಡುವೆ ಬಂದೊಡನೆ ಈ ಬೆಸುಗೆ ಬಹುವಾಗಿ ಕುಗ್ಗಿ, ಮೊದಲನೆಯ ಕಾರಣದ ಮೇಲೆಯೇ ಹೆಚ್ಚಿನ ಹೊಣೆ ಬೀಳುವುದು. ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯ ರಬ್ಬರು ಸಂಶೋಧನಾಲಯದಲ್ಲಿದ್ದ ಗ್ರೋಶ್ ಎಂಬ ವಿಜ್ಞಾನಿಯು 1963ರಲ್ಲಿ ಪ್ರಕಟಿಸಿದ ಪ್ರಯೋಗಗಳು, ರಬ್ಬರಿನ ಘರ್ಷಣೆಯು ಜಾರುವ ವೇಗವನ್ನೂ ಉಷ್ಣತೆಯನ್ನೂ ಒಟ್ಟಾಗಿ ಅವಲಂಬಿಸಿ, ಅದರ ಆಂತರಿಕ ಶಕ್ತಿನಷ್ಟವನ್ನೇ ಅನುಸರಿಸಿ ನಡೆಯುವುದೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದುವು.

ಹಾಗಾದರೆ ಶಕ್ತಿನಷ್ಟ ಹೆಚ್ಚಿದ್ದಷ್ಟೂ ಒಳ್ಳೆಯದೆ? ಇಲ್ಲಿಯೇ ಟೈರು ನಿರ್ಮಾಪಕರ ಸಂಕಟ ಮೊದಲಾಗುವುದು. ನೇರರಸ್ತೆಯಲ್ಲಿ ಸುಮ್ಮನೆ ಉರುಳುವಾಗಲೂ ಟೈರಿನ ಪ್ರತಿಭಾಗವೂ ಸುತ್ತಿಗೊಮ್ಮೆ ಚಪ್ಪಟೆಯಾಗಿ ಮತ್ತೆ ಬಾಗಬೇಕು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಇದು ಸೆಕೆಂಡಿಗೆ ಸುಮಾರು ಹದಿನೈದು ಸಲ ನಡೆಯುತ್ತದೆ, ಆ ಹದಿನೈದರಲ್ಲಿಯೂ ನಷ್ಟವಾಗುವ ಶಕ್ತಿ ಪೆಟ್ರೋಲಿನಿಂದಲೇ ಬರಬೇಕು. ಆದರೆ ಜಾರುತ್ತಿರುವ ರಬ್ಬರಿನ ಮೇಲೆ ಮಿಲಿಮೀಟರಿನ ಹತ್ತನೆಯೊಂದು ಭಾಗದಷ್ಟು ಸಣ್ಣ ಮೊನೆಗಳು ಸೆಕೆಂಡಿಗೆ ಒಂದು ಮೀಟರು ವೇಗದಲ್ಲಿ ಹಾಯ್ದರೆ, ರಬ್ಬರು ಸೆಕೆಂಡಿಗೆ ಹತ್ತು ಸಾವಿರ ಸಲ ಕಂಪಿಸುವುದಾಗುತ್ತದೆ. ನಿಧಾನವಾದ ಬಾಗುವಿಕೆಯಲ್ಲಿ ನಷ್ಟ ಕಡಮೆಯಾಗಿ, ಶೀಘ್ರವಾದ ಕಂಪನದಲ್ಲಿ ನಷ್ಟ ಹೆಚ್ಚಾಗಿರುವ ರಬ್ಬರು ದೊರೆತರೆ ಸಮಸ್ಯೆಯ ಅರ್ಧ ಪರಿಹಾರವಾದಂತೆಯೆ. ಮಸಿಯ ಬಹುಭಾಗದ ಸ್ಥಾನದಲ್ಲಿ ಸಿಲಿಕವನ್ನು ಸೇರಿಸಿ, ಅದನ್ನು ಸಿಲೇನ್ ಎಂಬ ರಾಸಾಯನಿಕದಿಂದ ರಬ್ಬರಿಗೆ ಬಂಧಿಸುವ ಉಪಾಯದಿಂದ ಮಿಶಲಿನ್ ಸಂಸ್ಥೆಯು 1992ರಲ್ಲಿ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆಯನ್ನಿಟ್ಟಿತು. ಇಂದು ಮಳೆಯಲ್ಲಿ ಚೆನ್ನಾಗಿ ಹಿಡಿಯುವ ಟೈರುಗಳೆಲ್ಲ ಹೆಚ್ಚುಕಡಮೆ ಆ ಮಾರ್ಗದವೇ. ಆದರೂ ಉರುಳುವ ಸುಲಭತೆ, ಒದ್ದೆನೆಲದ ಹಿಡಿತ, ದೀರ್ಘಾಯುಸ್ಸು, ಈ ಮೂರರಲ್ಲಿ ಎರಡನ್ನು ಹಿಗ್ಗಿಸಿದರೆ ಮೂರನೆಯದು ಕುಗ್ಗುವ ನಿರ್ಬಂಧ ಪೂರ್ತಿಯಾಗಿ ನೀಗಿಲ್ಲ. ಕ್ರೀಡಾಸ್ವಭಾವದ ಟೈರಿನ ನಿರ್ಮಾಪಕನು ಆಯುಸ್ಸನ್ನು ತಿಳಿದೇ ಬಿಟ್ಟುಕೊಡುತ್ತಾನೆ.

ಸವೆತದ ನಿಯಮಗಳನ್ನು ಮೊದಲಿಗೆ ಕ್ರಮಬದ್ಧವಾಗಿ ಅರಸಿದವರಲ್ಲಿ ಅಗ್ರಗಣ್ಯನಾದ ಅಡಾಲ್ಫ್ ಶಲಮಾಕ್ ಅದೇ ವೆಲ್ವಿನ್ ಸಂಶೋಧನಾಲಯದವನು. ಒಂದೇ ದಿಕ್ಕಿನಲ್ಲಿ ಉಜ್ಜಿದ ರಬ್ಬರಿನ ಮೇಲೆ ಉಜ್ಜಿದ ದಿಕ್ಕಿಗೆ ಅಡ್ಡವಾಗಿ ಏಣುಗಳು ಏಳುವುದನ್ನೂ, ಆ ಏಣುಗಳ ಬುಡದಲ್ಲಿ ಬಿರುಕು ಬೆಳೆದು ತುದಿ ಹರಿದುಹೋಗುವುದನ್ನೂ ಅವನು ವಿವರವಾಗಿ ಪರಿಶೀಲಿಸಿದನು. ಟರ್ನರ್ ಎಂಬ ಸಹೋದ್ಯೋಗಿಯೊಡನೆ 1960ರಲ್ಲಿ ಅವನು ಮಂಡಿಸಿದ ಸಿದ್ಧಾಂತವು ಕಾರಿನೊಡೆಯರೆಲ್ಲರೂ ಅರಿತಿರಬೇಕಾದುದು. ತಿರುವಿನಲ್ಲಿ ಚಕ್ರವು ತಾನು ಮುಖಮಾಡಿರುವ ದಿಕ್ಕಿನಲ್ಲಿಯೇ ಸಾಗದೆ ಅದಕ್ಕೆ ಕಿಂಚಿತ್ ಕೋನದಲ್ಲಿ ಸಾಗುತ್ತದೆ. ಈ ಜಾರುಕೋನವೇ ಪಕ್ಕದ ಬಲವನ್ನು ಹುಟ್ಟಿಸುವುದು. ಕೋನ ಸಣ್ಣದಾಗಿರುವಷ್ಟು ಕಾಲ ಬಲವು ಕೋನದ ಅನುಪಾತದಲ್ಲಿ ಏರಿದರೆ, ಸವೆತವು ಕೋನದ ವರ್ಗದ ಅನುಪಾತದಲ್ಲಿ ಏರುತ್ತದೆ. ತಿರುವಿನಲ್ಲಿ ಬೇಕಾಗುವ ಬಲವಾದರೋ ವೇಗದ ವರ್ಗವನ್ನು ಅನುಸರಿಸುವುದು. ಎರಡನ್ನೂ ಕೂಡಿಸಿ ನೋಡಿದರೆ ಒಂದೇ ತಿರುವಿನಲ್ಲಿ ಸವೆತವು ವೇಗದ ನಾಲ್ಕನೆಯ ಘಾತದಂತೆ ಬೆಳೆಯಬೇಕು, ಅಂದರೆ ವೇಗವನ್ನು ಶೇಕಡ 20ರಷ್ಟು ಏರಿಸಿದರೆ ಆ ತಿರುವಿನಲ್ಲಾಗುವ ಸವೆತ ಇಮ್ಮಡಿಯಾಗಬೇಕು. ರಬ್ಬರು ಬಿಸಿಯಾಗುವುದು, ರಸ್ತೆಯ ಒರಟುತನ ಮೊದಲಾದುವು ಈ ಲೆಕ್ಕವನ್ನು ಅಷ್ಟಿಷ್ಟು ಕದಲಿಸುವುವಾದರೂ, ಒಂದೇ ಬಗೆಯ ಟೈರು ಒಬ್ಬನಿಗೆ 40,000 ಕಿಲೋಮೀಟರು ಬಾಳಿ ಇನ್ನೊಬ್ಬನಿಗೆ 15,000ಕ್ಕೇ ಬೋಳಾಗುವ ಸಂಗತಿಗೆ ಇದಕ್ಕಿಂತ ಸಮಂಜಸವಾದ ವಿವರಣೆಯನ್ನು ನಾನರಿಯೆ.

ಇದೇ ವರ್ಗನಿಯಮವು ಅಲೈನ್‌ಮೆಂಟಿನ ಮಹತ್ವವನ್ನೂ ತಿಳಿಸುತ್ತದೆ. ಚಕ್ರಗಳೆರಡೂ ಒಳಮುಖವಾಗಿಯೋ ಹೊರಮುಖವಾಗಿಯೋ 0.2 ಡಿಗ್ರಿಯಷ್ಟು ಓರೆಯಾಗಿ ನಿಂತಿದ್ದರೆ, ನೇರವಾಗಿ ಸಾಗಿದ ಒಂದೊಂದು ಕಿಲೋಮೀಟರಿಗೂ ರಬ್ಬರನ್ನು ಮೂರೂವರೆ ಮೀಟರು ಅಡ್ಡಲಾಗಿ ಎಳೆದಂತಾಗುತ್ತದೆ. ಹೀಗೆ ಸವೆದ ಟೈರಿನ ಮೇಲೆ ಕೈಯನ್ನು ಅಡ್ಡಲಾಗಿ ಸವರಿದರೆ ಒಂದು ದಿಕ್ಕಿಗೆ ನುಣುಪು, ಮರುದಿಕ್ಕಿಗೆ ಗರಗಸದ ಹಲ್ಲಿನಂಥ ಒರಟು ತಗಲುವುದು. ಕ್ರೀಡಾಕಾರುಗಳ ಚಕ್ರಗಳನ್ನು, ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಟೈರು ಸಮತಟ್ಟಾಗಿ ನೆಲದ ಮೇಲೆ ನಿಲ್ಲಲೆಂದು, ತಲೆ ಒಳಕ್ಕೆ ಬಾಗಿರುವಂತೆ ಜೋಡಿಸುವುದುಂಟು. ಇದಕ್ಕೆ ಕ್ಯಾಂಬರ್ ಎನ್ನುವರು. ಹೆದ್ದಾರಿಯಲ್ಲಿಯೇ ಹೆಚ್ಚಾಗಿ ಓಡುವ ಕಾರಿನಲ್ಲಿ ಅದರ ಫಲವಾಗಿ ಒಳ ಅಂಚು, ಹೊರಗಿನಿಂದ ನೋಡುವವನ ಕಣ್ಣಿಗೆ ಬೀಳದೆಯೇ, ತಂತಿ ಕಾಣುವವರೆಗೂ ಸವೆದುಹೋಗಬಹುದು. ಗಾಳಿ ಕಡಮೆಯಾದರೆ ಎರಡಂಚುಗಳೂ, ಅತಿಯಾದರೆ ನಡುಭಾಗವೂ ಮೊದಲು ಹೋಗುವುವು. ಅಲ್ಲಲ್ಲಿ ತಗ್ಗುಬಿದ್ದ ಸವೆತಕ್ಕೆ ಬಹುಶಃ ಶಾಕ್ ಅಬ್ಸಾರ್ಬರು ಕಾರಣ. ಹಳೆಯ ಟೈರನ್ನು ಬಿಚ್ಚಿದೊಡನೆ ಎಸೆಯಲು ಬಿಡದೆ ಅದರ ಮೈಯನ್ನು ಅಗಲಕ್ಕೂ ಸುತ್ತಲೂ ಪರೀಕ್ಷಿಸುವುದು ಹೊಸ ಟೈರಿನ ಆಯ್ಕೆಯ ಮೊದಲ ಕೆಲಸವೆಂದು ನನ್ನ ದೃಢವಾದ ಅಭಿಪ್ರಾಯ. ಕಾರಿನ ದೋಷವನ್ನು ತಿದ್ದದೆ ಕೂಡಿಸಿದ ಉತ್ತಮ ಟೈರೂ ಹಳೆಯದರ ಗತಿಯನ್ನೇ ಕಾಣುವುದು.

ಒಣರಸ್ತೆಯ ಮೇಲೆ ಸವೆದ ಟೈರು ಹೊಸದಕ್ಕಿಂತ ಕೆಟ್ಟದ್ದೆಂದು ತಿಳಿಯುವುದು ಸಾಮಾನ್ಯ. ವಸ್ತುಸ್ಥಿತಿ ಅದಕ್ಕೆ ವಿಪರೀತ. 8 ಮಿಲಿಮೀಟರು ಎತ್ತರದ ರಬ್ಬರು ಬಿಲ್ಲೆಗಳು ಬಲ ಬಿದ್ದಾಗ ಬಾಗಿ ತೊನೆಯುವುವು. ತಗ್ಗಿದ ಬಿಲ್ಲೆಗಳು ನೆಟ್ಟಗೆ ನಿಲ್ಲುವುವು. ರಬ್ಬರು ಮುದಿಯಾಗಿ ಬಿರುಸಾಗದಿದ್ದ ಪಕ್ಷದಲ್ಲಿ, ತುಂಬ ಸವೆದ ಟೈರು ಒಣನೆಲದಲ್ಲಿ ಹೊಸದರಷ್ಟೇ ಅಥವಾ ಅದಕ್ಕಿಂತ ಹೆಚ್ಚು ಚುರುಕಾಗಿ ಸ್ಟಿಯರಿಂಗಿಗೆ ಓಗೊಡುವುದು. ಪಂದ್ಯದ ಕಾರುಗಳು ಒಣದಿನಗಳಲ್ಲಿ ತೋಡುಗಳೇ ಇಲ್ಲದ ಟೈರುಗಳ ಮೇಲೆ ಓಡುವುದೂ ಇದೇ ಕಾರಣದಿಂದ. ಆದುದರಿಂದ ಬಿಸಿಲಿನಲ್ಲಿ ತನ್ನ ಕಾರು ಇನ್ನೂ ಸೊಗಸಾಗಿ ತಿರುಗುತ್ತಿದೆಯೆಂಬ ಚಾಲಕನ ಅನುಭವವು, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ಟೈರು ಬದಲಿಸುವ ಕಾಲವನ್ನು ನಿಶ್ಚಯಿಸಲು ಪ್ರಮಾಣವಾಗದು.

ಮಳೆ ಬಂದಾಗ ಲೆಕ್ಕವೇ ಬೇರೆ. 195 ಮಿಲಿಮೀಟರು ಅಗಲದ ಟೈರು, ರಸ್ತೆಯ ಮೇಲೆ 3 ಮಿಲಿಮೀಟರು ನೀರು ನಿಂತಿರುವಾಗ, ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ 13 ಲೀಟರು ನೀರನ್ನು ತನ್ನ ದಾರಿಯಿಂದ ಸರಿಸಬೇಕು. ರಬ್ಬರಿನ ಯಾವುದೇ ಒಂದು ಬಿಂದು ನೆಲದೊಡನಿರುವ ಅವಧಿಯಾದರೋ ಆ ವೇಗದಲ್ಲಿ ಸೆಕೆಂಡಿನ ಇನ್ನೂರೈವತ್ತನೆಯ ಒಂದು ಭಾಗ. ತೋಡುಗಳಿಗೆ ಆಳವಿದ್ದರೆ ನೀರು ಅವುಗಳೊಳಕ್ಕೆ ಇಳಿದು ಹಿಂದಕ್ಕೂ ಪಕ್ಕಕ್ಕೂ ಹರಿದುಹೋಗುವುದು. ಆಳ ಸಾಲದಿದ್ದರೆ ನೀರಿನ ಒತ್ತಡವೇ ಟೈರನ್ನು ನೆಲದಿಂದ ಮೇಲಕ್ಕೆತ್ತಿ, ಚಕ್ರವು ನೀರಿನ ಮೇಲೆ ತೇಲುವುದು. ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಡ್ರೆಹರ್ ಎಂಬವರು ವಿಮಾನದ ಟೈರುಗಳ ಮೇಲೆ ನಡೆಸಿ 1963ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ, ಈ ತೇಲುವಿಕೆಯ ವೇಗವು ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುವುದೆಂದು ಗೊತ್ತಾಯಿತು. ಅವರ ಸೂತ್ರಕ್ಕೆ 29 ಪೌಂಡಿನ ಒತ್ತಡವನ್ನು ಕೊಟ್ಟರೆ ಗಂಟೆಗೆ 90 ಕಿಲೋಮೀಟರು ಎಂಬ ಉತ್ತರ ಬರುತ್ತದೆ. ಆಳವಾದ ತೋಡುಗಳಿದ್ದರೆ ಇದಕ್ಕಿಂತ ಹೆಚ್ಚಿನ ವೇಗದವರೆಗೂ ಟೈರು ನೆಲವನ್ನು ಮುಟ್ಟಿರಬಲ್ಲುದು. ನೀರಿನ ಆಳ ತೋಡಿನ ಆಳವನ್ನು ಮೀರಿದಲ್ಲಿ ಈ ಸೂತ್ರವೇ ನಿಯಾಮಕ. ಬ್ರಿಟನ್ನಿನ ಕಾನೂನು ಮೈಯ ನಡುವಿನ ಮುಕ್ಕಾಲು ಅಗಲದಲ್ಲಿ 1.6 ಮಿಲಿಮೀಟರು ಆಳವಿದ್ದರೆ ಸಾಕೆನ್ನುತ್ತದೆ. ತೋಡುಗಳ ತಳದಲ್ಲಿ ಕಾಣುವ ಸಣ್ಣ ದಿಬ್ಬಗಳ ಎತ್ತರವೂ ಅಷ್ಟೇ. ಹಗುರವಾದ, ಹಿಂದಿನ ಚಕ್ರಗಳಿಂದ ಚಲಿಸುವ ಕಾರಿಗೆ ಇದು ಸಾಲದು. 3 ಮಿಲಿಮೀಟರಿಗೆ ಇಳಿದಾಗಲೇ, ಅದೂ ಮಳೆಗಾಲಕ್ಕೆ ಮುನ್ನವೇ, ಬದಲಿಸುವುದು ಯುಕ್ತವೆಂದು ತೋರುತ್ತದೆ.

ಇನ್ನು ಆಯ್ಕೆ. ಎಂಎಕ್ಸ್-5ರ ಈಚಿನ ಮಾದರಿಯೊಂದರ ಟೈರಿನ ಮೇಲೆ 195/50 R16 84V ಎಂದಿರುತ್ತದೆ. ಅಗಲ 195 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 50, ರೇಡಿಯಲ್ ರಚನೆ, 16 ಅಂಗುಲದ ರಿಮ್ಮು. 84 ಎಂಬುದು 500 ಕಿಲೋಗ್ರಾಮು ಹೊರುವ ಶಕ್ತಿಯ ಸಂಕೇತ, V ಎಂಬುದು ಗಂಟೆಗೆ 240 ಕಿಲೋಮೀಟರಿನ ವೇಗಮಿತಿ. ಇದಕ್ಕಿಂತ ಅಗಲವಾದುದನ್ನು ಹಾಕಿದರೆ ಹಿಡಿತ ಹೆಚ್ಚುವುದೆಂಬ ನಂಬಿಕೆ ಎಲ್ಲೆಡೆಯೂ ಬೇರೂರಿದೆ. ಆದರೆ ಭಾರವೂ ಗಾಳಿಯ ಒತ್ತಡವೂ ಬದಲಾಗದಿದ್ದಲ್ಲಿ ಸಂಪರ್ಕಕ್ಷೇತ್ರ ಬಹುಮಟ್ಟಿಗೆ ಮೊದಲಿನಷ್ಟೇ ಉಳಿದು, ಅದರ ಆಕಾರ ಮಾತ್ರ ಉದ್ದ ತಗ್ಗಿ ಅಗಲ ಬೆಳೆಯುವುದು. ಭಾರಿ ಶಕ್ತಿಯ, ಭಾರಿ ತೂಕದ ಕಾರುಗಳಲ್ಲಿ ಇದರಿಂದ ನಿಜವಾದ ಪ್ರಯೋಜನವಿದೆ. ಒಂದು ಟನ್ನಿನ ಕಾರಿನಲ್ಲಾದರೋ ರಬ್ಬರು ಬಿಸಿಯೇರಲು ತಡವಾಗಿ, ಸರಿಸಬೇಕಾದ ನೀರು ಅಧಿಕವಾಗಿ, ಚಕ್ರದ ತೂಕ ಏರಿ, ಸ್ಟಿಯರಿಂಗಿನ ಸೂಕ್ಷ್ಮತೆ ಮರೆಯಾಗುವ ಸಂಭವವೇ ಹೆಚ್ಚು. ಮೊದಲ ಎಂಎಕ್ಸ್-5 ಕೇವಲ 185 ಮಿಲಿಮೀಟರಿನ ಟೈರುಗಳ ಮೇಲೆ ಹೊರಟು ಲೋಕದ ಮೆಚ್ಚುಗೆಯನ್ನು ಗಳಿಸಿತು. ನಿರ್ಮಾಪಕರು ಗೊತ್ತುಮಾಡಿದ ಅಳತೆಯನ್ನೇ ಉಳಿಸಿಕೊಂಡು, ಉಳಿದ ಹಣವನ್ನು ರಬ್ಬರಿನ ಗುಣಕ್ಕೆ ವಿನಿಯೋಗಿಸುವುದು ಲೇಸು.

ಆ ಗುಣವನ್ನು ಅಳೆಯುವ ಅಂಕಗಳು ಎರಡು ಬಗೆ. ಅಮೆರಿಕದ ಪದ್ಧತಿಯಲ್ಲಿ ಟೈರಿನ ಪಕ್ಕದಲ್ಲಿ ಸವೆತದ ಅಂಕವೊಂದನ್ನು ಅಚ್ಚೊತ್ತುವರು. ಟೆಕ್ಸಾಸಿನ ಸ್ಯಾನ್ ಆ್ಯಂಜೆಲೊ ಊರಿನ ಸುತ್ತಲಿನ ಸುಮಾರು 640 ಕಿಲೋಮೀಟರಿನ ರಸ್ತೆಯಲ್ಲಿ ಪರೀಕ್ಷೆಯ ಟೈರುಗಳನ್ನೂ ಪ್ರಮಾಣದ ಟೈರುಗಳನ್ನೂ ಜೊತೆಯಾಗಿ 7,200 ಮೈಲಿ ಓಡಿಸಿ, ಪ್ರಮಾಣದ್ದಕ್ಕೆ 100 ಎಂದಿಟ್ಟು ಉಳಿದುವನ್ನು ಹೋಲಿಸುವರು. ಪಂದ್ಯಾಭ್ಯಾಸಕ್ಕೆ ಒದಗುವ ರಸ್ತೆಯ ಟೈರುಗಳು 200ರ ಆಸುಪಾಸಿನಲ್ಲಿಯೂ, ನಿತ್ಯದ ಬಳಕೆಯ ಉತ್ತಮ ಬೇಸಗೆಯ ಟೈರುಗಳು 300ರ ಸಮೀಪದಲ್ಲಿಯೂ, ದೂರಪ್ರಯಾಣದವು 500 ಮೀರಿಯೂ ಇರುವುದು ವಾಡಿಕೆ. ಅಂಕವನ್ನು ಘೋಷಿಸುವವರು ತಯಾರಕರೇ ಆದುದರಿಂದ ಒಂದು ಸಂಸ್ಥೆಯ ಅಂಕವನ್ನು ಇನ್ನೊಂದರದಕ್ಕೆ ಸಮೀಕರಿಸುವುದು ಸರಿಯಲ್ಲ. ಒಂದೇ ಸಂಸ್ಥೆಯ ಎರಡು ಟೈರುಗಳನ್ನು ಹೋಲಿಸಲು ಅದು ನೆರವಾಗುತ್ತದೆ. ಯೂರೋಪಿನ ಚೀಟಿಯಲ್ಲಿ ಒದ್ದೆನೆಲದ ಹಿಡಿತಕ್ಕೂ ಇಂಧನದ ಮಿತವ್ಯಯಕ್ಕೂ A ಮೊದಲಾಗಿ E ವರೆಗಿನ ಶ್ರೇಣಿಗಳಿವೆ, ಸದ್ದಿನ ಅಳತೆಯಿದೆ, ಆಯುಸ್ಸಿನ ಪ್ರಸ್ತಾಪವಿಲ್ಲ. ನಾನಾದರೆ ಒದ್ದೆನೆಲದ ಶ್ರೇಣಿಯನ್ನು ಮೊದಲು ನೋಡಿ, ಅದರಲ್ಲಿ A ಪಡೆದವುಗಳ ನಡುವೆ ಮಾತ್ರ ಉಳಿದ ಗುಣಗಳನ್ನು ವಿಚಾರಿಸುವೆನು.

ಹವೆಯನ್ನೂ ಮರೆಯಲಾಗದು. ಬೇಸಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಬಿಗಿದುಕೊಳ್ಳತೊಡಗುತ್ತದೆ. ಇಂಗ್ಲೆಂಡು ಜರ್ಮನಿಗಳಲ್ಲಿ ನೆಲೆಸಿ ಇಂಥ ಕಾರುಗಳನ್ನಿಟ್ಟುಕೊಂಡ ಕನ್ನಡಿಗರಿಗೆ ಚಳಿಗಾಲದ ಟೈರುಗಳು ಬೇರೆಯಾಗಿಯೇ ಬೇಕಾಗುವುವು. ಬೆಂಗಳೂರಿನ ಹವೆಯಲ್ಲಿ ಈ ಚಿಂತೆಯಿಲ್ಲ. ಎಲ್ಲೆಡೆಯೂ ಇರುವ ಚಿಂತೆ ವಯಸ್ಸಿನದು. ವರುಷಕ್ಕೆ ಕೆಲವೇ ಸಾವಿರ ಕಿಲೋಮೀಟರು ಓಡುವ ಕ್ರೀಡಾಕಾರಿನ ಟೈರು ಸವೆದು ಮುಗಿಯುವ ಮುನ್ನವೇ ಆಮ್ಲಜನಕ ಓಜೋನುಗಳ ಹಾವಳಿಯಿಂದ ಬಿರುಸಾಗಿ ಬಿರಿಯಬಹುದು. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕಡೆಯೆರಡು ವರ್ಷವನ್ನೂ ಹೇಳುವುವು: 2324 ಎಂದರೆ 2024ರ 23ನೆಯ ವಾರ. ಹೊಸದೆಂದು ಕೊಳ್ಳುವಾಗಲೂ ಇದನ್ನು ಓದಿ ನೋಡಬೇಕು. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತು ವರ್ಷವಾದುದನ್ನು, ತೋಡು ಎಷ್ಟೇ ಆಳವಾಗಿರಲಿ, ತೆಗೆದುಹಾಕಬೇಕು.

ಓಜೋನನ್ನು ತಡೆಯಲೆಂದು ರಬ್ಬರಿಗೆ ಬೆರೆಸುವ 6ಪಿಪಿಡಿ ಎಂಬ ಪದಾರ್ಥದ ಕಥೆ ಬೇರೆಯೇ ಗಂಭೀರವಾದುದು. ಒಂದು ಟೈರು ತನ್ನ ಆಯುಸ್ಸಿನಲ್ಲಿ ಕಿಲೋಗ್ರಾಮಿಗೂ ಮಿಕ್ಕ ರಬ್ಬರನ್ನು ರಸ್ತೆಗೆ ಉದುರಿಸುತ್ತದೆ. ಮಳೆಯೊಡನೆ ಅದು ತೊರೆಗಳನ್ನು ಸೇರುತ್ತದೆ. ಅಮೆರಿಕದ ವಾಷಿಂಗ್‌ಟನ್ ರಾಜ್ಯದ ತೊರೆಗಳಲ್ಲಿ ಮೊಟ್ಟೆಯಿಡಲು ಬಂದ ಕೋಹೊ ಸಾಲ್ಮನ್ ಮೀನುಗಳು ಮಳೆಯಾದೊಡನೆ ಸಾಯುತ್ತಿದ್ದುದಕ್ಕೆ, ಈ ಪದಾರ್ಥವೇ ಓಜೋನಿನೊಡನೆ ಸೇರಿ ಆದ ಕ್ವಿನೋನು ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಯೂರೋಪಿನ ಯೂರೋ 7 ನಿಯಮಾವಳಿ ಈಗ ಟೈರಿನ ಉದುರುವಿಕೆಗೂ ಮಿತಿಯನ್ನು ವಿಧಿಸಹೊರಟಿದೆ. ಮಿತವಾಗಿ ಸವೆಯುವ ಟೈರನ್ನು ಅರಸುವುದು ಕೊಳ್ಳುವವನ ಹಣದ ಪ್ರಶ್ನೆ ಮಾತ್ರವೇ ಅಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ನಾಲ್ಕನ್ನೂ ಒಮ್ಮೆಗೇ, ಒಂದೇ ಸಂಸ್ಥೆಯ ಒಂದೇ ಮಾದರಿಯವನ್ನೇ ಬದಲಿಸುವುದು ಸರ್ವೋತ್ತಮ. ಹಿಂದಿನವೇ ಬೇಗ ಸವೆಯುವ ಈ ಕಾರಿನಲ್ಲಿ ಎರಡನ್ನು ಮಾತ್ರ ಕೊಳ್ಳಬೇಕಾಗಿ ಬಂದರೆ ಆ ಜೋಡಿಯನ್ನು ಹಿಂದಕ್ಕೇ ಹಾಕಿಸಬೇಕು. ಮುಂದಿನ ಚಕ್ರಗಳಿಂದ ಚಲಿಸುವ ಕಾರಿನಲ್ಲಿಯೂ, ಮುಂದಿನವೇ ಸವೆದಿದ್ದರೂ, ಹೊಸ ಜೋಡಿಯ ಸ್ಥಾನ ಹಿಂದೆಯೇ. ಮುಂದಿನ ಚಕ್ರಗಳು ಒದ್ದೆಯಲ್ಲಿ ಜಾರಿದರೆ ಕಾರು ತಿರುವಿನ ಹೊರಗಡೆಗೆ ನೇರವಾಗಿ ಸಾಗಲೆಳಸುವುದು, ವೇಗವನ್ನು ತಗ್ಗಿಸಿದರೆ ಬಹುಶಃ ಮರಳಿ ಹಿಡಿತಕ್ಕೆ ಬರುವುದು. ಹಿಂದಿನವು ಜಾರಿದರೆ ಕಾರು ಗರಗರನೆ ತಿರುಗಿಬಿಡುವುದು, ಅದನ್ನು ಸಂಭಾಳಿಸಲು ಅಭ್ಯಾಸವಾದ ಕೈಗಳಿಗೂ ಹಲವೊಮ್ಮೆ ಸಮಯ ಸಾಲದು. ಹೊಸ ಟೈರುಗಳನ್ನು ಹಾಕಿದ ದಿನವೇ ಅಲೈನ್‌ಮೆಂಟನ್ನು ನೋಡಿಸಿ, ತಣ್ಣಗಿರುವಾಗ ಗಾಳಿಯನ್ನು ಅಳೆದು ತುಂಬಿಸಿ, ಅಚ್ಚಿನ ಜಿಡ್ಡು ಮೇಲ್ಮೈಯಿಂದ ಸವೆದುಹೋಗುವವರೆಗೆ, ಅಂದರೆ ಮೊದಲ ಕೆಲವು ನೂರು ಕಿಲೋಮೀಟರುಗಳಷ್ಟು ದೂರ, ತಿರುವುಗಳಲ್ಲಿಯೂ ಬ್ರೇಕಿನಲ್ಲಿಯೂ ಸೌಮ್ಯವಾಗಿ ನಡೆಸಬೇಕು.